ಮೂರನೆಯವರಿಲ್ಲದ ಮನೆ

ಟರ್ಕಿಯ ನೂರಿ ಬಿಲ್ಗೆ ಜೇಲಾನ್ 2006ರಲ್ಲಿ ಮಾಡಿದ 'ಇಕ್ಲಿಮ್ಲೆರ್' ಚಿತ್ರದ ಕೊನೆಯ ಭಾಗದಲ್ಲಿ ಒಂದು ವ್ಯಾನಿನ ದೃಶ್ಯವಿದೆ. ದೇಶದ ಪೂರ್ವದ ತುದಿಯ ಆರಿ ಪ್ರಾಂತ್ಯ. ಎತ್ತ ನೋಡಿದರೂ ಹಿಮ. ಟಿವಿ ಧಾರಾವಾಹಿಯೊಂದರ ಕಲಾ ವಿಭಾಗದಲ್ಲಿ ದುಡಿಯುವ ಬಹಾರ್ ವ್ಯಾನಿನೊಳಗೆ ಕೂತಿದ್ದಾಳೆ. ಬೇಸಿಗೆಯಲ್ಲಿ ಅವಳನ್ನು ಬಿಟ್ಟ ಈಸಾ ಚಳಿಗಾಲದಲ್ಲಿ ಹುಡುಕಿಕೊಂಡು ಅಷ್ಟು ದೂರ ಬಂದಿದ್ದಾನೆ. ನಾನು ಬದಲಾಗಿದ್ದೇನೆ, ಎಲ್ಲಕ್ಕೂ ಸಿದ್ಧ, ಬಂದುಬಿಡು ಎಂದು ಕೇಳುತ್ತಾನೆ. ಅವಳು ಅಳುತ್ತಾಳೆ. ಆಗಲೇ ವ್ಯಾನಿನ ಬಾಗಿಲು ತೆರೆಯುತ್ತದೆ. ಚಿತ್ರೀಕರಣದ ಹುಡುಗರು ಸಾಮಾನು ಒಳಗೆ ತಳ್ಳಿ ಬಾಗಿಲು ಹಾಕುತ್ತಾರೆ, ಮತ್ತೆ ತೆರೆಯುತ್ತಾರೆ. ಒಳಗೆ ಎರಡು ಬದುಕುಗಳ ತೀರ್ಮಾನ ನಡೆಯುತ್ತಿದೆ ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಕನ್ನಡದ ಕಲಾತ್ಮಕ ಚಿತ್ರಗಳಲ್ಲಿ ಕಣ್ಣು ಪಳಗಿದವರಿಗೆ ಈ ದೃಶ್ಯ ವಿಚಿತ್ರವಾಗಿ ಚುಚ್ಚುತ್ತದೆ. ನಮ್ಮಲ್ಲಾದರೆ ಆ ಬಾಗಿಲು ತೆರೆದವರು ಸುಮ್ಮನೆ ಹೋಗುತ್ತಿರಲಿಲ್ಲ. ಅತ್ತೆಯೋ, ಅಗ್ರಹಾರದ ಹಿರಿಯರೋ, ಮಠದ ಏಜೆಂಟನೋ, ಜಮಾತಿನ ಮುತುವಲ್ಲಿಯೋ, ಕೊನೆಗೆ ಮುಳುಗಡೆ ಪರಿಹಾರದ ಕಾಗದ ಹಿಡಿದ ಸರ್ಕಾರಿ ನೌಕರನೋ ಒಳಗೆ ಬಂದು ಕೂತು ತೀರ್ಪು ಕೊಡುತ್ತಿದ್ದರು. ಜೇಲಾನ್ ಚಿತ್ರದಲ್ಲಿ ಮೂರನೆಯವರು ಅಡ್ಡ ಬರುತ್ತಾರೆ, ಅಷ್ಟೇ. ನಮ್ಮ ಚಿತ್ರಗಳಲ್ಲಿ ಮೂರನೆಯವರೇ ಸಂಸಾರವನ್ನು ನಡೆಸುತ್ತಾರೆ, ಮುರಿಯುತ್ತಾರೆ. ಕನ್ನಡದ ಹೊಸ ಅಲೆಯ ದೊಡ್ಡ ಶಕ್ತಿ ಇದು ಎಂದು ನಾನು ನಂಬಿದ್ದೇನೆ. ಅದರ ಮಿತಿಯೂ ಇಲ್ಲೇ ಇದೆ. ಆಸ್ಟ್ರೇಲಿಯಾದ ಪರ್ತ್ ನಗರದ ಕ್ಯಾನಿಂಗ್ಟನ್ನಿನಂಥ ಬಡಾವಣೆಯಲ್ಲಿ, ಅತ್ತೆ ಮಾವಂದಿರಿಂದಲೂ ಕೇರಿಯ ಕಣ್ಣುಗಳಿಂದಲೂ ಒಂದು ಸಾಗರದಾಚೆ ಸಂಸಾರ ಹೂಡಿದವರಿಗೆ ಆ ಮಿತಿ ಬೇಗ ತಟ್ಟುತ್ತದೆ.

ಮೊದಲು ಜೇಲಾನ್ ಚಿತ್ರದ ಬಗ್ಗೆ ಇನ್ನಷ್ಟು ಹೇಳಬೇಕು. ಮೂರು ಹವೆಗಳಲ್ಲಿ ಅದು ನಡೆಯುತ್ತದೆ: ಮೆಡಿಟರೇನಿಯನ್ ತೀರದ ಕಾಶ್ ಪಟ್ಟಣದ ಬೇಸಿಗೆ, ಇಸ್ತಾಂಬುಲ್‌ನ ಮಳೆಯ ಶರತ್ಕಾಲ, ಆರಿಯ ಹಿಮ. ಈಸಾ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಮುಗಿಯದ ಪ್ರಬಂಧವೊಂದನ್ನು ಇಟ್ಟುಕೊಂಡು ಹಾಳು ದೇಗುಲಗಳ ಫೋಟೋ ತೆಗೆಯುತ್ತಾನೆ. ಈ ಪಾತ್ರ ಮಾಡಿದ್ದು ಸ್ವತಃ ಜೇಲಾನ್. ಬಹಾರ್ ಆಗಿರುವುದು ಅವರ ಹೆಂಡತಿ ಎಬ್ರು ಜೇಲಾನ್. ಚಿತ್ರ ಶುರುವಾಗುವುದೇ ಅವಳ ಮುಖದಿಂದ. ಬಿಸಿಲು, ಕಲ್ಲಿನ ಕಂಬಗಳು, ದೂರದಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಅವನು. ಮುಖದ ಮೇಲೆ ಮೊದಲು ಪ್ರೀತಿಯಿದೆ, ಆಮೇಲೆ ಬೇಸರವಿದೆ, ಆಮೇಲೆ ಕಣ್ಣೀರಿದೆ. ಯಾಕೆಂದು ಯಾರೂ ಹೇಳುವುದಿಲ್ಲ. ಮುಂದೆ ಸಮುದ್ರದ ದಂಡೆಯಲ್ಲಿ ಈಸಾ ಬೇರೆಯಾಗುವ ಮಾತನ್ನು ಒಬ್ಬನೇ ಅಭ್ಯಾಸ ಮಾಡುತ್ತಾನೆ, ನಾಟಕದ ಸಂಭಾಷಣೆ ಬಾಯಿಪಾಠ ಮಾಡುವವನ ಹಾಗೆ. ನೋಡುತ್ತಿದ್ದಂತೆ ಅವಳು ಅವನ ಪಕ್ಕದಲ್ಲೇ ಇದ್ದಾಳೆ, ಅಭ್ಯಾಸ ನಿಜವಾಗಿಬಿಟ್ಟಿದೆ. ಹಿಂತಿರುಗುವಾಗ ಬೈಕಿನಲ್ಲಿ ಅವಳು ಹಿಂದಿನಿಂದ ಅವನ ಕಣ್ಣು ಮುಚ್ಚುತ್ತಾಳೆ, ಇಬ್ಬರೂ ಬೀಳುತ್ತಾರೆ. ವ್ಯಾನಿನಲ್ಲಿ ಅವಳು ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ, ಹಿಂದೆ ಅವನಿಗೆ ಸಂಬಂಧವಿದ್ದ ಇನ್ನೊಬ್ಬ ಹೆಂಗಸನ್ನು ಮತ್ತೆ ನೋಡಿದೆಯಾ ಎಂದು. ಇಲ್ಲ ಎನ್ನುತ್ತಾನೆ. ನೋಡಿದ್ದಾನೆಂದು ನಮಗೆ ಗೊತ್ತಿದೆ.

ಈ ಮುರಿತಕ್ಕೆ ಹೊರಗಿನ ಕಾರಣವೇ ಇಲ್ಲ ಎಂಬುದನ್ನು ಗಮನಿಸಬೇಕು. ಬಡತನ, ಜಾತಿ, ವರದಕ್ಷಿಣೆ ಯಾವುದೂ ಅಲ್ಲ. ಈಸಾನ ತಂದೆತಾಯಿಯರಾಗಿ ಜೇಲಾನ್ ತಮ್ಮ ಸ್ವಂತ ತಂದೆತಾಯಿಯರನ್ನೇ ಕೂರಿಸಿದ್ದಾರೆ. ಆದರೂ ಮಗನ ಬಾಳಿನ ಮೇಲೆ ಅವರಿಗೆ ಯಾವ ಅಧಿಕಾರವೂ ಇಲ್ಲ. ಅವನ ಸ್ವಾರ್ಥ, ಅವಳ ದಣಿವು, ನಡುವೆ ಹವಾಮಾನ. ಅಷ್ಟರಿಂದಲೇ ಒಂದು ಸಂಬಂಧ ಸಾಯುವುದನ್ನು ಕಣ್ಣು ಮಿಟುಕಿಸದೆ ನೋಡುವ ಧೈರ್ಯ ಈ ಚಿತ್ರದ್ದು. ಅದರ ನಿಧಾನವೂ ಈ ನೋಟದ ನಿಧಾನ. ಒಂದು ಮುಖ ಬದಲಾಗುವವರೆಗೆ ಕ್ಯಾಮೆರಾ ಕಾಯುತ್ತದೆ.

ಕನ್ನಡ ಚಿತ್ರದ ನಿಧಾನ ಬೇರೆ ಬಗೆಯದು. 1970ರ 'ಸಂಸ್ಕಾರ'ದಿಂದಲೇ ನೋಡಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ, ಮದರಾಸಿನ ಸೆನ್ಸಾರ್ ಮೊದಲು ತಡೆಹಿಡಿದ, ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಈ ಚಿತ್ರದ ಮಧ್ಯದಲ್ಲಿ ಕೊಳೆಯುತ್ತಿರುವ ಹೆಣವಿದೆ ಎಂದು ಎಲ್ಲರೂ ನೆನೆಯುತ್ತಾರೆ. ಅದರಲ್ಲಿ ಒಂದು ದಾಂಪತ್ಯವೂ ಇದೆ ಎಂಬುದನ್ನು ಮರೆಯುತ್ತೇವೆ. ಪ್ರಾಣೇಶಾಚಾರ್ಯರು ರೋಗಿಷ್ಠೆ ಹೆಂಡತಿ ಭಾಗೀರಥಿಯನ್ನು ವ್ರತದಂತೆ ನೋಡಿಕೊಳ್ಳುತ್ತಾರೆ. ಅವಳ ಸೇವೆ ಅವರ ಮೋಕ್ಷದ ಸಾಧನ. ಅಲ್ಲಿ ಹೆಂಡತಿಯೆಂಬ ಹೆಂಗಸಿಗೆ ಜಾಗವೇ ಇಲ್ಲ. ಅವಳು ಸಾಯುವುದು ಕೂಡ ಅಗ್ರಹಾರದ ದೊಡ್ಡ ಗಲಿಬಿಲಿಯ ನಡುವೆ ಒಂದು ಘಟನೆಯಾಗಿ ಹೋಗುತ್ತದೆ. ಶೃಂಗೇರಿ ಕಡೆಯ ವೈಕುಂಠಪುರದಲ್ಲಿ ಈ ಚಿತ್ರವನ್ನು ಸೆರೆಹಿಡಿದ ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ನಮ್ಮ ಹೊಸ ಅಲೆಯ ಮೊದಲ ನೋಟ ಈ ದೇಶದವನೊಬ್ಬನ ಕಣ್ಣಿನಿಂದ ಬಂತು ಎಂಬುದನ್ನು ಇಲ್ಲಿರುವ ಕನ್ನಡಿಗರಲ್ಲಿ ಬಲ್ಲವರು ಕಡಿಮೆ. ಆ ಮನುಷ್ಯ ಮುಂದೆ ಏನು ಮಾಡಿದರು ಎಂಬುದಕ್ಕೆ ಆಮೇಲೆ ಬರುತ್ತೇನೆ.

ಗಿರೀಶ ಕಾರ್ನಾಡರ 'ಕಾಡು' 1973ರದ್ದು, ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. ಚಂದ್ರೇಗೌಡನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬಳಿದ್ದಾಳೆ. ಹೆಂಡತಿ ಕಮಲಿ ಗಂಡನನ್ನು ಮರಳಿ ಪಡೆಯಲು ಮಾಟಗಾರನ ಮೊರೆ ಹೋಗುತ್ತಾಳೆ. ಇದು ನೇರವಾಗಿ ಒಡೆದ ಸಂಸಾರದ ಕಥೆ. ಆದರೆ ನಾವದನ್ನು ನೋಡುವುದು ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ. ಅದು ಒಡೆಯುವುದು ಎರಡು ಊರುಗಳ ಹಗೆಯ ನಡುವೆ. ಕಮಲಿಯಾದ ನಂದಿನಿ ಭಕ್ತವತ್ಸಲ ರಾಷ್ಟ್ರದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು. ಆ ಮುಖದಲ್ಲಿ ಬಹಾರ್‌ನ ಮುಖದಷ್ಟೇ ಸಂಗತಿಗಳಿದ್ದವು. ಗಂಡಹೆಂಡತಿ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಕ್ಯಾಮೆರಾ ಅಲ್ಲೇ ಕೂತಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ. ಆದರೆ ಹುಡುಗನಿಗೆ ಆ ಕೋಣೆಗೆ ಪ್ರವೇಶವಿಲ್ಲ. ಹಾಗಾಗಿ ನಮಗೂ ಇಲ್ಲ.

ಪಿ. ಲಂಕೇಶರು 'ಬಿರುಕು' ಕಾದಂಬರಿಯನ್ನು 1976ರಲ್ಲಿ 'ಪಲ್ಲವಿ' ಮಾಡಿದಾಗ ಈ ದಾರಿಯಿಂದ ತುಸು ಸರಿದರು. ಓದಿದ ಹುಡುಗಿ, ಓದಿದ ಹುಡುಗ, ಕೆಲಸದ ಹುಡುಕಾಟ, ಅದರಲ್ಲಿ ಒಣಗುವ ಪ್ರೀತಿ, ಅದೂ ಹೆಣ್ಣಿನ ಕಡೆಯಿಂದ. ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಬಂದ ಚಿತ್ರವಿದು. ಲಂಕೇಶರೂ ಅದರಲ್ಲಿ ನಟಿಸಿದರು. ಈ ದಾರಿಯಲ್ಲಿ ಹೆಚ್ಚು ಮಂದಿ ನಡೆಯಲಿಲ್ಲ ಎಂಬುದೇ ನನಗೆ ನಮ್ಮ ಪರಂಪರೆಯ ಮೇಲಿರುವ ದೊಡ್ಡ ದೂರು.

ಗಿರೀಶ ಕಾಸರವಳ್ಳಿಯವರ ಹತ್ತಿರ ಬಂದಾಗ ಮಾತು ನಿಧಾನವಾಗಬೇಕು, ಯಾಕೆಂದರೆ ಇಲ್ಲಿ ಸಂಗತಿ ಸರಳವಲ್ಲ. 1990ರ ಸುಮಾರಿಗೆ ಟಿ. ಜಿ. ರಾಘವರ ಕಥೆಯಿಂದ ಅವರು ಮಾಡಿದ 'ಮನೆ' ಕನ್ನಡದಲ್ಲಿ 'ಇಕ್ಲಿಮ್ಲೆರ್'ಗೆ ಅತ್ಯಂತ ಹತ್ತಿರದ ಚಿತ್ರ. ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್ ಗಂಡಹೆಂಡತಿ. ಊರಿನ ಹಿರಿಯರ ಕಣ್ಣುಗಳಿಂದ ತಪ್ಪಿಸಿಕೊಂಡು, ತಮ್ಮಿಬ್ಬರದೇ ಆದ ಒಂದು ಮನೆ ಬೇಕೆಂದು ನಗರಕ್ಕೆ ಬಂದವರು. ಬಾಡಿಗೆಗೆ ಜಾಗ ಸಿಗುತ್ತದೆ. ಪಕ್ಕದಲ್ಲಿ ಒಂದು ಶೆಡ್ಡು. ರಾತ್ರಿಯೆಲ್ಲ ಲೋಹ ಬಡಿಯುವ ಸದ್ದು. ಮೊದಮೊದಲು ಸದ್ದು ನಿದ್ದೆ ಕೆಡಿಸುತ್ತದೆ, ಆಮೇಲೆ ಮಾತು ಕೆಡಿಸುತ್ತದೆ, ಕೊನೆಗೆ ಇಬ್ಬರ ನಡುವಿನ ನಂಬಿಕೆಯನ್ನೇ ಕೆಡಿಸುತ್ತದೆ. ಸದ್ದನ್ನು ನಿಲ್ಲಿಸಲು ನೆಂಟರ ಪ್ರಭಾವ ಹಿಡಿಯುತ್ತಾರೆ. ಯಾರ ಕೈಯಿಂದ ಪಾರಾಗಿ ಬಂದರೋ ಅಂಥದೇ ಕೈಗಳಿಗೆ ಮತ್ತೆ ಸಿಕ್ಕಿಕೊಳ್ಳುತ್ತಾರೆ. ತಪ್ಪಿಸಿಕೊಂಡು ಬಂದವರ ಗೋಡೆಯನ್ನು ತೂರಿಕೊಂಡು ಒಳಗೆ ಬರುವ ಈ ಶಬ್ದ ಕನ್ನಡ ಸಿನಿಮಾದ ಅತ್ಯಂತ ಬುದ್ಧಿವಂತ ಮೂರನೆಯವನು. ಅದಕ್ಕೆ ಮುಖವಿಲ್ಲ, ಜಾತಿಯಿಲ್ಲ, ಬೈಯಲೂ ಬರುವುದಿಲ್ಲ. ಶೆಡ್ಡಿನಲ್ಲಿ ದುಡಿಯುವವರಿಗೆ ಅದೇ ಅನ್ನ ಎಂಬುದನ್ನು ಕಾಸರವಳ್ಳಿ ಮರೆಯುವುದಿಲ್ಲ. ಪ್ರೇಮಿಗಳ ಏಕಾಂತಕ್ಕೆ ಇನ್ನೊಬ್ಬರ ದುಡಿಮೆಯನ್ನು ಬೆಲೆಯಾಗಿ ತೆರಬೇಕಾಗಿ ಬರುವ ಈ ನೈತಿಕ ಇಕ್ಕಟ್ಟು ಜೇಲಾನ್‌ರ 2006ರ ಚಿತ್ರದಲ್ಲಿ ಇಲ್ಲವೇ ಇಲ್ಲ.

'ದ್ವೀಪ' (2002) ಇನ್ನೂ ದೊಡ್ಡದು. ಶರಾವತಿ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜರ ಕಿರುಕಾದಂಬರಿ, ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ, ಹೆಚ್. ಎಂ. ರಾಮಚಂದ್ರ ಅವರ ಕ್ಯಾಮೆರಾ. ಚಿತ್ರಕ್ಕೆ ಸ್ವರ್ಣಕಮಲ, ಕ್ಯಾಮೆರಾಕ್ಕೂ ರಾಷ್ಟ್ರಪ್ರಶಸ್ತಿ. ಅಣೆಕಟ್ಟಿನ ನೀರು ಏರುತ್ತಿದೆ, ಊರವರೆಲ್ಲ ಪರಿಹಾರ ಪಡೆದು ಹೊರಟಿದ್ದಾರೆ, ಸೀತಾಪರ್ವತದ ಮೇಲೆ ಉಳಿದವರು ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ನಾಗಿಗೆ ಮೊದಲಿನಿಂದ ಪರಿಚಯವಿದ್ದ ಕೃಷ್ಣ ನೆರವಿಗೆ ಬರುತ್ತಾನೆ. ಅವನು ಬಂದ ಮೇಲೆ ಮನೆಯಲ್ಲಿ ಕೆಲಸ ಸಾಗುತ್ತದೆ, ನಗುವೂ ಕೇಳುತ್ತದೆ. ಗಣಪನ ಎದೆಯಲ್ಲಿ ಸಂಶಯವೂ ಮೊಳೆಯುತ್ತದೆ. ಕೃಷ್ಣ ಹೊರಟುಹೋಗುತ್ತಾನೆ. ದುಗ್ಗಜ್ಜನೂ ಇಲ್ಲದ ಮೇಲೆ ಉಳಿಯುವುದು ಮಳೆ, ನೀರು, ಇಬ್ಬರು.

ಇಲ್ಲಿ ಕಾಸರವಳ್ಳಿ ನಮ್ಮ ಪರಂಪರೆಯಲ್ಲಿ ಯಾರೂ ಮಾಡದ ಒಂದು ಕೆಲಸ ಮಾಡಿದ್ದಾರೆ. ಸಮಾಜವನ್ನೇ ನೀರಿನಲ್ಲಿ ಮುಳುಗಿಸಿ ಗಂಡಹೆಂಡತಿಯರನ್ನು ಒಂಟಿಯಾಗಿ ನಿಲ್ಲಿಸಿದ್ದಾರೆ. ಸುತ್ತ ಊರಿಲ್ಲ, ಪಂಚಾಯಿತಿಯಿಲ್ಲ. ಈಗ ಅವರಿಬ್ಬರೂ ಹೇಗೆ ಬದುಕುತ್ತಾರೆ? ನಾಗಿ ದುಡಿಯುತ್ತಾಳೆ, ಧೈರ್ಯ ಮಾಡುತ್ತಾಳೆ, ಮನೆಯನ್ನು ಉಳಿಸುತ್ತಾಳೆ. ಮಳೆ ನಿಂತ ಮೇಲೆ ಗಣಪ ದೇವರ ದಯೆಯಿಂದ ಉಳಿದೆವು ಎನ್ನುತ್ತಾನೆ. ಆ ಒಂದು ಮಾತಿಗೆ ಸಂಸಾರ ಮುಗಿದುಹೋಗುತ್ತದೆ, ಇಬ್ಬರೂ ಅದೇ ಮನೆಯಲ್ಲಿ ಇನ್ನೂ ಎಷ್ಟು ವರ್ಷ ಬಾಳಲಿ. ಮೂರನೆಯವರನ್ನೆಲ್ಲ ಹೊರಗೆ ಕಳುಹಿಸಿದರೂ ಗಣಪನ ತಲೆಯೊಳಗೆ ದೇವರಿದ್ದಾನೆ, ಊರಿದೆ, ಗಂಡಸುತನದ ಲೆಕ್ಕವಿದೆ. ಈಸಾನ ಸುಳ್ಳಿಗಿಂತ ಗಣಪನ ಈ ಕೃತಜ್ಞತೆ ನನಗೆ ಹೆಚ್ಚು ಕ್ರೂರವಾಗಿ ಕಾಣುತ್ತದೆ. ಈಸಾನಿಗೆ ತಾನು ಸುಳ್ಳು ಹೇಳುತ್ತಿದ್ದೇನೆಂದು ಗೊತ್ತು. ಗಣಪ ಮನಸಾರೆ ಕೈಮುಗಿಯುತ್ತಿದ್ದಾನೆ.

ಕಾಸರವಳ್ಳಿಯವರ ಆಮೇಲಿನ ಚಿತ್ರಗಳಲ್ಲಿ ಈ ಒಂಟಿತನದೊಳಕ್ಕೆ ಮೂರನೆಯವರು ಮತ್ತೆ ತುಂಬಿಕೊಂಡರು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯಿಂದ ಬಂದ 'ಹಸೀನಾ' (2004) ಗಂಡ ಬಿಟ್ಟುಹೋದ ಹೆಂಗಸನ್ನು ಮಸೀದಿಯ ಮುಂದೆ ಕೂರಿಸುತ್ತದೆ. ವೈದೇಹಿಯವರ ಕಥೆಯ 'ಗುಲಾಬಿ ಟಾಕೀಸ್' (2008) ಸೂಲಗಿತ್ತಿ ಗುಲಾಬಿಯ ಕಥೆ. ಅವಳ ಗಂಡ ಮೂಸ ಬೇರೆ ಸಂಸಾರ ಮಾಡಿದ್ದಾನೆ, ಅವಳ ಮನೆಯ ಟಿವಿಯ ಸುತ್ತ ಕಡಲ ತೀರದ ಹೆಂಗಸರು ಸೇರುತ್ತಾರೆ, ಕಾರ್ಗಿಲ್ ಕಾಲದ ಕೋಮು ಸಂಶಯ ಊರನ್ನು ಸೀಳುತ್ತದೆ. ಎರಡೂ ಬೇಕಾದ ಚಿತ್ರಗಳು. ತಾರಾ ಮತ್ತು ಉಮಾಶ್ರೀ ಅವರ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ತೀರ ಸರಿ. ಆದರೆ ಗಂಡಂದಿರು? ಆಟೋ ಓಡಿಸುವವನು, ಮೀನಿನ ವ್ಯಾಪಾರಿ. ಬಿಟ್ಟು ಹೋಗುವುದೇ ಅವರ ಕೆಲಸ. ಯಾಕೆ ಹೋದರು, ಹೋಗುವ ಮೊದಲಿನ ರಾತ್ರಿ ಏನಾಯಿತು ಎಂಬುದರ ಕಡೆ ಚಿತ್ರ ತಿರುಗಿ ನೋಡುವುದಿಲ್ಲ. ಬಿಟ್ಟುಹೋದ ಗಂಡಸನ್ನು ವ್ಯವಸ್ಥೆಯ ಒಂದು ಕೊಂಡಿಯಾಗಿ ನೋಡಿದ ಕೂಡಲೇ ಅವನು ನಮ್ಮ ನಿಮ್ಮಂಥವನಾಗಿ ಉಳಿಯುವುದಿಲ್ಲ, ಚಿತ್ರ ನೋಡುವ ಗಂಡಸು ನಿಶ್ಚಿಂತನಾಗುತ್ತಾನೆ. ಜೇಲಾನ್ ಈಸಾನ ಪಾತ್ರಕ್ಕೆ ತನ್ನದೇ ಮುಖ ಕೊಟ್ಟಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ವ್ಯವಸ್ಥೆಯನ್ನು ಬೈಯಬಲ್ಲ ನಮ್ಮ ಸುಶಿಕ್ಷಿತ ಗಂಡಸು ತನ್ನ ಹೆಂಡತಿಯ ಎದುರು ಹೇಗಿರುತ್ತಾನೆ ಎಂಬ ಚಿತ್ರಗಳು ನಮ್ಮಲ್ಲಿ ಎಷ್ಟಿವೆ?

ಇನ್ನೊಂದು ಮಾತನ್ನು ಬೇಸರದಿಂದಲೇ ಹೇಳಬೇಕು. ಹಿರಿಯರಿಗೆ ನಿಧಾನ ಎಂಬುದು ನೋಡುವ ಕ್ರಮವಾಗಿತ್ತು. ಅವರ ಹಿಂದೆ ಬಂದ ಎಷ್ಟೋ ಪ್ರಶಸ್ತಿ ಚಿತ್ರಗಳಲ್ಲಿ ಅದು ಬರೀ ವೇಷವಾಯಿತು. ಹಜಾರ, ಚಿಮಣಿ ದೀಪ, ಜಗುಲಿಯ ಮೇಲೆ ಸುಮ್ಮನೆ ಕೂತ ಹೆಂಗಸು. ಆಮೇಲೆ ಒಬ್ಬರು ಬಂದು ಸಮಸ್ಯೆ ಏನೆಂದು ಮಾತಿನಲ್ಲಿ ವಿವರಿಸುತ್ತಾರೆ. ಮೌನವನ್ನು ನಂಬಿದ ಚಿತ್ರಕ್ಕೆ ಆ ವಿವರಣೆ ಬೇಕಿಲ್ಲ. ರಂಗಭೂಮಿಯಿಂದ ಬಂದ ನಮ್ಮ ನಟರು ಮಾತನ್ನು ಚೆನ್ನಾಗಿ ಆಡುತ್ತಾರೆ. ಮಾತಿಲ್ಲದ ಮುಖದ ಮುಂದೆ ಕ್ಯಾಮೆರಾ ಹಿಡಿದು ಕಾಯುವ ತಾಳ್ಮೆ ನಿರ್ದೇಶಕರಿಗೆ ಇರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಜೇಲಾನ್ ಕೂಡ ಇಬ್ಬರ ಕೋಣೆಯಲ್ಲೇ ಉಳಿಯಲಿಲ್ಲ. 2014ರಲ್ಲಿ ಕಾನ್ ಉತ್ಸವದ ಪಾಮ್ ದೋರ್ ಗೆದ್ದ 'ವಿಂಟರ್ ಸ್ಲೀಪ್' ಮೂರು ಗಂಟೆ ಮೀರಿದ ಚಿತ್ರ. ಕಪಡೋಕಿಯಾದ ಹೋಟೆಲಿನ ಒಡೆಯ ಐದಿನ್ ಮತ್ತು ಅವನ ಕಿರಿಯ ಹೆಂಡತಿ ನಿಹಾಲ್ ಮಾತಿನಲ್ಲೇ ಒಬ್ಬರನ್ನೊಬ್ಬರು ಕೊಯ್ಯುತ್ತಾರೆ. ಆದರೆ ಚಿತ್ರದ ಮೊದಲಲ್ಲೇ ಬಾಡಿಗೆ ಕಟ್ಟಲಾಗದ ಮನೆಯ ಹುಡುಗನೊಬ್ಬ ಐದಿನ್‌ನ ಗಾಡಿಗೆ ಕಲ್ಲು ಹೊಡೆಯುತ್ತಾನೆ. ಆ ಕಲ್ಲು ದಾಂಪತ್ಯದ ಗಾಜಿಗೂ ಬಿದ್ದಿದೆ. ಒಡೆಯ ಒಕ್ಕಲಿನ ಸಂಬಂಧ ಗಂಡಹೆಂಡತಿಯ ಸಂಬಂಧದೊಳಕ್ಕೆ ಹೀಗೆ ಬಂದು ಕೂರುವುದನ್ನು ನೋಡುವಾಗ 'ಮನೆ'ಯ ಶೆಡ್ಡು ನೆನಪಾಗುತ್ತದೆ. ಕಾಸರವಳ್ಳಿ ಅಲ್ಲಿಗೆ ಎರಡು ದಶಕ ಮೊದಲೇ ತಲುಪಿದ್ದರು ಎಂದು ಹೇಳಲು ನನಗೆ ಅಳುಕಿಲ್ಲ. ಇತ್ತ ಕನ್ನಡದಲ್ಲಿ ಪೃಥ್ವಿ ಕೋಣನೂರರ 'ಪಿಂಕಿ ಎಲ್ಲಿ?' (2020) ಬೆಂಗಳೂರಿನ ಮಧ್ಯಮ ವರ್ಗದ ಒಡೆದ ಸಂಸಾರದೊಳಕ್ಕೆ ಕ್ಯಾಮೆರಾ ಒಯ್ದಿತು. ಮಗು ಕಾಣೆಯಾದಾಗಲೂ ಗಂಡಹೆಂಡತಿ ಪರಸ್ಪರರ ತಪ್ಪು ಎಣಿಸುತ್ತಲೇ ಹುಡುಕುತ್ತಾರೆ. ವಿವರಣೆ ಕಡಿಮೆ, ದೂಷಣೆ ಹೆಚ್ಚು, ನಿಜ ಬದುಕಿನಲ್ಲಿ ಇರುವಂತೆಯೇ.

ಕ್ಯಾನಿಂಗ್ಟನ್ನಿಗೆ ಬರೋಣ. ಕಾಶ್ ಪಟ್ಟಣದ ಹವೆಯೂ ಇಲ್ಲಿಯ ಹವೆಯೂ ಒಂದೇ ಜಾತಿ: ಒಣ ಬೇಸಿಗೆ, ಮಳೆ ಬರುವುದು ಚಳಿಗಾಲದಲ್ಲಿ. 'ಇಕ್ಲಿಮ್ಲೆರ್'ನ ಮೊದಲ ಭಾಗದ ಕಣ್ಣು ಕುಕ್ಕುವ ಬಿಳಿ ಬಿಸಿಲು ಇಲ್ಲಿ ಜನವರಿಯ ಪ್ರತಿ ಮಧ್ಯಾಹ್ನವೂ ಹಿತ್ತಲಿನಲ್ಲಿ ಬೀಳುತ್ತದೆ. ಮಲೆನಾಡಿನಲ್ಲಿ ಮಳೆ ಸುರಿಯುವ ಜೂನ್ ಜುಲೈನಲ್ಲೇ ಇಲ್ಲೂ ಮಳೆ. ಆದರೆ ಇದು ಚಳಿಯ ಮಳೆ, ಊರನ್ನು ಒಂದು ಜಗುಲಿಗೆ ಕೂಡಿಸುವ ಮಳೆಯಲ್ಲ. ಅವರವರ ಮನೆಯೊಳಗೆ ಅವರವರನ್ನು ಕೂಡಿಹಾಕುತ್ತದೆ. ಕರೌಸೆಲ್ ಮಾಲಿನ ಹೋಯ್ಟ್ಸ್ ಚಿತ್ರಮಂದಿರಕ್ಕೆ ಭಾರತದ ಭಾಷೆಗಳ ಚಿತ್ರಗಳು ಬರುತ್ತವೆ, ಬರುವುದು ದೊಡ್ಡ ಸದ್ದಿನ ಚಿತ್ರಗಳೇ. ನಿಧಾನದ ಚಿತ್ರಕ್ಕೆ ಪರ್ತ್ ಉತ್ಸವದ ಬೇಸಿಗೆಯವರೆಗೆ ಕಾಯಬೇಕು, ವಿಶ್ವವಿದ್ಯಾಲಯದ ಸಾಮರ್‌ವಿಲ್ ಬಯಲು ಚಿತ್ರಮಂದಿರದ ಪೈನ್ ಮರಗಳ ಕೆಳಗೆ ಬಟ್ಟೆಯ ಕುರ್ಚಿಯಲ್ಲಿ ಕೂರಬೇಕು.

ಇಲ್ಲಿಯ ಕನ್ನಡ ಸಂಸಾರಗಳಲ್ಲಿ ಒಡಕಿಲ್ಲವೆಂದಲ್ಲ. ಇದೆ, ಆದರೆ ಅದರಲ್ಲಿ ಮೂರನೆಯವರಿಲ್ಲ. ಅತ್ತೆ ವಾಟ್ಸಾಪ್‌ನಲ್ಲಿದ್ದಾರೆ, ಎರಡೂವರೆ ಗಂಟೆ ಹಿಂದಿನ ಗಡಿಯಾರದಲ್ಲಿ. ಜಗಳವಾದರೆ ಪಕ್ಕದ ಮನೆಗೆ ಕೇಳಿಸದು. ಕೇಳಿಸಿದರೂ ಅವರು ಬಂದು ಬುದ್ಧಿ ಹೇಳುವವರಲ್ಲ. ಊರಿನಲ್ಲಿದ್ದಾಗ ಶತ್ರುವಿನಂತೆ ಕಂಡ ಆ ಮಂದಿ ಇಲ್ಲದಿದ್ದಾಗ, ಇಷ್ಟು ದಿನ ಅವರ ಮೇಲೆ ಹೊರಿಸಿದ್ದ ಭಾರವೆಲ್ಲ ಇಬ್ಬರ ಹೆಗಲ ಮೇಲೆ ಇಳಿಯುತ್ತದೆ. ಪರ್ತ್‌ನದೇ ಆದ ಒಂದು ಕಾಲಕ್ರಮವೂ ಇದೆ. ಗಣಿ ಕೆಲಸದ ಎಂಜಿನಿಯರು ಬೆಳಗಿನ ವಿಮಾನ ಹತ್ತಿ ಸಾವಿರ ಕಿಲೋಮೀಟರಿಗೂ ಆಚೆಯ ಪಿಲ್ಬರಾಕ್ಕೆ ಹೋಗುತ್ತಾನೆ. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವನಿಲ್ಲದ ಮನೆಗೆ ಒಂದು ನಡೆ ಇದೆ, ಅವನು ಬಂದಾಗ ಆ ನಡೆ ಕೆಡುತ್ತದೆ, ಸರಿಹೋಗುವ ಹೊತ್ತಿಗೆ ಚೀಲ ತುಂಬುವ ದಿನ ಬರುತ್ತದೆ. ಇದನ್ನು ವಿವರಿಸುವ ಪಾತ್ರ ಬೇಕಿಲ್ಲ. ಬಂದವನು ಅಡುಗೆಮನೆಯಲ್ಲಿ ಚಮಚ ಯಾವ ಡ್ರಾಯರಿನಲ್ಲಿದೆ ಎಂದು ಹುಡುಕುವುದನ್ನು, ಅವಳು ಅದನ್ನು ನೋಡುತ್ತಾ ಸುಮ್ಮನಿರುವುದನ್ನು ಬೇಕಾದಷ್ಟು ಹೊತ್ತು ತೋರಿಸಿದರೆ ಸಾಕು. ಕನ್ನಡದಲ್ಲಿ ಆ ಚಿತ್ರ ಇನ್ನೂ ಬಂದಿಲ್ಲ. ವಿದೇಶದ ಕನ್ನಡಿಗ ನಮ್ಮ ಚಿತ್ರಗಳಲ್ಲಿ ಬರುವುದು ಸಾಮಾನ್ಯವಾಗಿ ಊರಿಗೆ ಮರಳುವ ಮಗನಾಗಿ, ಅಥವಾ ಹಾಡಿನಲ್ಲಿ ಸೇತುವೆಯೊಂದರ ಮುಂದೆ ಕುಣಿಯುವವನಾಗಿ.

ಆಸ್ಟ್ರೇಲಿಯಾದ ಸಿನಿಮಾಕ್ಕೆ ಈ ವಸ್ತು ಹೊಸದಲ್ಲ. ಹಾಲೆಂಡಿನಿಂದ ಬಂದು ಮೆಲ್ಬರ್ನಿನಲ್ಲಿ ನೆಲೆಸಿದ ಪಾಲ್ ಕಾಕ್ಸ್ 1984ರಲ್ಲಿ ತಮ್ಮ ಬಾಳಿನದೇ ಗಾಯದಿಂದ 'ಮೈ ಫಸ್ಟ್ ವೈಫ್' ಮಾಡಿದರು. ಆದರೆ ನನ್ನ ಮನಸ್ಸು ಹೆಚ್ಚು ಸುತ್ತುವುದು ಟಾಮ್ ಕೋವನ್ ಅವರ ಸುತ್ತ. ವೈಕುಂಠಪುರದ ಅಗ್ರಹಾರದಿಂದ ಮರಳಿದ ಮೇಲೆ ಅವರು 1975ರಲ್ಲಿ 'ಪ್ರಾಮಿಸ್ಡ್ ವುಮನ್' ನಿರ್ದೇಶಿಸಿದರು: ಮದುವೆಯಾಗಲೆಂದು ಸಿಡ್ನಿಗೆ ಬಂದಿಳಿದ ಗ್ರೀಕ್ ಹೆಣ್ಣು, ನೋಡಿದ ಕೂಡಲೇ ಬೇಡವೆನ್ನುವ ಗಂಡು. 1977ರಲ್ಲಿ ಸ್ಟೀಫನ್ ವಾಲೇಸ್ ಅವರ 'ಲವ್ ಲೆಟರ್ಸ್ ಫ್ರಮ್ ಟೆರಾಲ್ಬಾ ರೋಡ್' ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಸುಮಾರು 50 ನಿಮಿಷದ ಚಿತ್ರ. ನ್ಯೂಕಾಸಲ್‌ನ ಕೂಲಿಕಾರ ಹೆಂಡತಿಯನ್ನು ಹೊಡೆದಿದ್ದಾನೆ, ಅವಳು ಸಿಡ್ನಿಗೆ ಹೋಗಿದ್ದಾಳೆ, ಅವನು ಪತ್ರ ಬರೆಯುತ್ತಾನೆ. ಯಾರದೋ ಬಾಡಿಗೆ ಮನೆಯಲ್ಲಿ ಸಿಕ್ಕ ನಿಜವಾದ ಪತ್ರಗಳೇ ಅದರ ಮೂಲ. ಅವನ ಒರಟುತನವನ್ನೂ ಅವನ ಅಸಹಾಯ ಪ್ರೀತಿಯನ್ನೂ ಚಿತ್ರ ಒಂದೇ ಬೆಳಕಿನಲ್ಲಿ ಇಡುತ್ತದೆ. ಅವನನ್ನು ಕ್ಷಮಿಸುವುದಿಲ್ಲ, ಅವನನ್ನು ಬರೀ ವರ್ಗವಾಗಿ ನೋಡುವುದೂ ಇಲ್ಲ. ಏಳು ವರ್ಷ ಹಿಂದೆ ಭಾಗೀರಥಿಯ ಹಾಸಿಗೆಯನ್ನೂ ಪ್ರಾಣೇಶಾಚಾರ್ಯರ ಮುಖವನ್ನೂ ಬೆಳಗಿಸಿದ ಕೈಗಳೇ ಇವು. ಪರ್ತ್‌ನಲ್ಲೋ ಬ್ರಿಸ್ಬೇನಿನಲ್ಲೋ ಕನ್ನಡದಲ್ಲಿ ಚಿತ್ರ ಮಾಡಬೇಕೆಂದು ಕ್ಯಾಮೆರಾ ಕೊಂಡಿರುವ ಹುಡುಗ ಹುಡುಗಿಯರು 'ಸಂಸ್ಕಾರ'ವನ್ನೂ ಈ 50 ನಿಮಿಷವನ್ನೂ ಒಂದೇ ಸಂಜೆ, ಒಂದರ ಹಿಂದೆ ಒಂದು ನೋಡಬೇಕು. ಆಮೇಲೆ 'ದ್ವೀಪ'ದಲ್ಲಿ ಮಳೆ ನಿಂತ ಮೇಲಿನ ಗಣಪನ ಮಾತನ್ನು ಮತ್ತೊಮ್ಮೆ ಕೇಳಿಸಿಕೊಂಡು, ಅದೇ ಮಾತನ್ನು ಇಲ್ಲಿಯ ಗಣಪ ಯಾವ ಮಾತುಗಳಲ್ಲಿ ಹೇಳುತ್ತಾನೆ, ಆಗ ನಾಗಿ ಏನು ಮಾಡುತ್ತಾಳೆ ಎಂದು ಬರೆಯಲು ಕೂರಬೇಕು.